ಚಾ ಆತೇನ್ರಿ ಎಂದು ಕಾಯುತ್ತಿದ್ದವರು

ಫೋನಿನಲ್ಲಿ "ಚಾ ಆತೇನ್ರಿ?" ಎಂದು ಕೇಳಿದೊಡನೆ ಮಾಲನಬಾಯಿ ಕಣ್ಣು ಮುಚ್ಚುತ್ತಿದ್ದರು. ಆ ಕಡೆಯಿಂದ ಉತ್ತರ ಬರುವವರೆಗೆ ತೆರೆಯುತ್ತಿರಲಿಲ್ಲ. ಪ್ರತಿ ಸಲವೂ ಹೀಗೆಯೋ, ಅಥವಾ ಒಂದೆರಡು ಸಲ ಕಂಡದ್ದನ್ನು ನಾನು ಆಮೇಲೆ ದೊಡ್ಡದು ಮಾಡಿಕೊಂಡೆನೋ, ಹೇಳಲಾರೆ. ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆಯಿಲ್ಲ. ಕಾಯುತ್ತಿದ್ದುದು ಮಾತ್ರ ನಿಜ.

ಚಿಕ್ಕೋಡಿಯಲ್ಲಿ ನಮ್ಮ ಕಾಕಾನದು ನೀರೆತ್ತುವ ಮೋಟರುಗಳ ವೈಂಡಿಂಗ್ ಕಂಪನಿ. ಕಂಪನಿ ಎಂದರೆ ಒಂದು ತಗಡಿನ ಶೆಡ್ಡು, ಕೆಲವು ಮೇಸ್ತ್ರಿಗಳು ಮತ್ತು ಮಾಲನಬಾಯಿ. ಕಾಕಾನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಅವರು ಅಕ್ಕಾರು. ಮೋಟರು ರಿಪೇರಿಯಾದಾಗ ಗಿರಾಕಿಗೆ ತಿಳಿಸುವುದು ಅವರ ಕೆಲಸ. ಸುತ್ತಲಿನ ಊರುಗಳಲ್ಲಿ ಏಕಸಂಬಿಯವರಿಗೆ ಕನ್ನಡ, ಭೋಜದವರಿಗೆ ಮರಾಠಿ. ಎರಡರಲ್ಲೂ ಚಹಾದ ಪ್ರಶ್ನೆಯೇ ಮೊದಲು. ಮನೆಯಲ್ಲಿ ಎಮ್ಮೆ ಈದಿದೆ, ಇನ್ನೂ ಚಹಾ ಕುಡಿದಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ಮನೆ ಬಿಟ್ಟು ಬರಲಾರರು ಎಂದು ಮೋಟರನ್ನು ಆ ಊರಿನ ಟೆಂಪೋದಲ್ಲಿ ಕಳಿಸಿಬಿಡುತ್ತಿದ್ದರು.

"ಅಕ್ಕಾರ, ಇದು ಅಂಗಡಿನೋ ಬೀಗರ ಮನಿನೋ?" ಎಂದು ಕಾಕಾ ಕೆಣಕುತ್ತಿದ್ದ.

"ಬೀಗರಾದ್ರ ಉಂಡು, ಉಪ್ಪಿಲ್ಲ ಖಾರಿಲ್ಲ ಅಂತ ಹೆಸರಿಟ್ಟು ಹೋಗ್ತಾರ್ರಿ. ಇವರು ಮತ್ತ ಬರತಾರ."

ಧಾರವಾಡದಲ್ಲಿ ಓದಿ ಬಂದ ನನಗೆ ಇದೆಲ್ಲ ವೇಳೆ ಹಾಳುಮಾಡುವ ಪದ್ಧತಿಯಾಗಿ ಕಂಡಿತು. ಕಂಪ್ಯೂಟರ್ ತಂದು ಕೂಡಿಸಿದೆ. ಮೇಸ್ತ್ರಿ ತನ್ನ ಮೊಬೈಲಿನಲ್ಲಿ "ಆಯಿತು" ಎಂಬುದನ್ನು ಒತ್ತಿದರೆ ಸಾಕು, ಗಿರಾಕಿಗೆ ತಾನಾಗಿಯೇ ಫೋನು ಹೋಗುತ್ತದೆ. ಜನಕ್ಕೆ ಪರಿಚಯದ್ದೆಂದು ಅದಕ್ಕೆ ಅಕ್ಕಾರ ದನಿಯನ್ನೇ ಎರಡೂ ಭಾಷೆಯಲ್ಲಿ ರೆಕಾರ್ಡ್ ಮಾಡಿಕೊಂಡೆ. ಮೈಕಿನ ಮುಂದೆಯೂ ಅವರು ಚಹಾ ಆಯಿತೇ ಎಂದು ಕೇಳಿ ಕಣ್ಣು ಮುಚ್ಚಿ ಸುಮ್ಮನಾದರು. ಆ ಖಾಲಿ ಜಾಗವನ್ನು ನಾನು ಕತ್ತರಿಸಿ ತೆಗೆದೆ.

"ಅವರು ಏನರ ಹೇಳಿದ್ರ ಯಾರ ಕೇಳ್ತಾರ ತಮ್ಮಾ?" ಎಂದು ಅಂದೇ ಕೇಳಿದ್ದರು. ನಾನು ನಕ್ಕದ್ದು ನೆನಪಿದೆ. ಏನೋ ಉತ್ತರವನ್ನೂ ಕೊಟ್ಟಿರಬೇಕು. ಕೊಡದೆಯೂ ಇದ್ದಿರಬಹುದು.

ಅಕ್ಕಾರನ್ನು ಸಾಮಾನಿನ ಕೋಣೆ ನೋಡಿಕೊಳ್ಳಲು ಹಾಕಿದೆವು. ಕೆಲವು ತಿಂಗಳಾದ ಮೇಲೆ ಒಂದು ದಿನ ಸಂತೆಯಿಂದ ನೆಟ್ಟಗೆ ನನ್ನ ಮೇಜಿಗೆ ಬಂದರು. ಭೋಜದ ಒಬ್ಬ ಹೆಣ್ಣುಮಗಳು, ಹಳೆಯ ಗಿರಾಕಿ, ಇವರನ್ನು ಕಂಡು ಮುಖ ತಿರುಗಿಸಿದ್ದಳಂತೆ. ಬೆನ್ನುಹತ್ತಿ ಕೇಳಿದಾಗ ಬಾಯಿಬಿಟ್ಟಳಂತೆ: ಗಂಡ ತೀರಿ ವಾರವಾಗಿರಲಿಲ್ಲ, ಚಹಾ ಆಯಿತೇ ಎಂದು ನೀವೇ ಕೇಳಿದಿರಿ, ನಾನು ಅಳುತ್ತ ಹೇಳುತ್ತಿದ್ದರೆ ಮೋಟರು ಒಯ್ಯಿರಿ ಎಂದು ಫೋನು ಇಟ್ಟಿರಿ.

"ಊರೂರಾಗ ನಾನು ಸೊಕ್ಕಿನಾಕಿ ಆಗೇನಿ," ಎಂದರು ಅಕ್ಕಾರು. ದನಿ ಏರಿಸಲಿಲ್ಲ. "ಅದರಾಗಿಂದ ನನ್ನ ದನಿ ತಗದಬಿಡು ತಮ್ಮಾ. ಇಲ್ಲಂದ್ರ ನನ್ನ ಮತ್ತ ಫೋನಿಗೆ ಕೂಡಸು."

ನಾಳೆ ತೆಗೆಯುತ್ತೇನೆ ಎಂದೆ. ಎಲ್ಲ ಸುರಳೀತ ನಡೆದಿತ್ತು, ಕೈಹಚ್ಚಲು ಬೇಸರ. ಆ ನಾಳೆ ಬರುವಷ್ಟರಲ್ಲಿ ಬೇಸಿಗೆ ಕಳೆದಿತ್ತು, ಅಕ್ಕಾರು ಕೆಲಸ ಬಿಟ್ಟು ರಾಯಬಾಗದ ತಂಗಿಯ ಮನೆ ಸೇರಿದ್ದರು. ಈಗ ಯಾರದೋ ಬೇರೆ ದನಿ ಇದೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಯಾರೂ ಸಿಟ್ಟಾಗುವುದಿಲ್ಲ.

ಹೋದ ವರ್ಷ ರಾಯಬಾಗಕ್ಕೆ ಹೋಗಿದ್ದೆ. ಅಕ್ಕಾರೇ ಬಾಗಿಲು ತೆರೆದರು.

"ಚಾ ಆತೇನು ತಮ್ಮಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ನಾನು ಒಂದೇ ಉಸಿರಿಗೆ ಹೇಳಿದೆ. ದನಿ ತೆಗೆಸಿದ್ದೇನೆ, ಭೋಜಕ್ಕೆ ಹೋಗಿ ಆಕೆಗೆ ಎಲ್ಲ ತಿಳಿಸಿ ಬಂದಿದ್ದೇನೆ, ನನ್ನದು ತಪ್ಪಾಯಿತು. ಹೇಳಿ ಮುಗಿಸಿ ತಲೆಯೆತ್ತಿದೆ. ಅಕ್ಕಾರು ಹೊಸ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ಇನ್ನೂ ಕಾಯುತ್ತಿದ್ದರು.