ಭೀಮಶಾ ಕಾಕಾನ ಟೈರುಗಳು

ಭೀಮಶಾ ಕಾಕಾ ಕಾರು ಕಲಿಸುವಾಗ ಮೊದಲು ಬಿಡಿಸುತ್ತಿದ್ದದ್ದು ಚಪ್ಪಲಿ. ಐವಾನ್-ಎ-ಶಾಹಿ ಬಡಾವಣೆಯಲ್ಲಿ ನಮ್ಮ ಓಣಿಯ ಮೂಲೆಗೆ ಅವರ ಡ್ರೈವಿಂಗ್ ಸ್ಕೂಲು. ಅಲ್ಲಿಯ ಕಟ್ಟೆಯ ಮೇಲೆ ಯಾರದೋ ಬೂಟು, ಯಾರದೋ ಸ್ಯಾಂಡಲ್ ಕಂಡರೆ ಪಾಠ ನಡೆದಿದೆ ಎಂದು ಅರ್ಥ. ಹೊಸಬರು ಇದೇನು ಕಾರೋ ಗುಡಿಯೋ ಎಂದು ನಗುತ್ತಿದ್ದರು. ಕಾಕಾ ಮಾತ್ರ ನಗುತ್ತಿರಲಿಲ್ಲ. "ಪೆಡಲ್ ಎಷ್ಟು ಒತ್ತೀವಿ ಅನ್ನೋದು ಕಾಲಿಗಿ ತಿಳೀಬೇಕು. ನಡಕ ಚಪ್ಪಲಿ ಅನ್ನೋ ದಲಾಲ ಯಾಕ?" ಎನ್ನುತ್ತಿದ್ದರು.

ನಾನೂ ಹಾಗೆ ಬರಿಗಾಲಲ್ಲೇ ಕಲಿತವಳು. ಬೇಸಿಗೆಯಲ್ಲಿ ಪೆಡಲ್ ಕಾದು ಕಾಲು ಚುರುಗುಟ್ಟಿದರೆ, "ಸುಡ್ತದಂದ್ರ ಕಾಲು ಜೀವಂತ ಅದ ಅಂದಂಗ. ನಡಿ ಮುಂದ" ಎಂದು ಗದರುತ್ತಿದ್ದರು. ಊರಿನ ಅರ್ಧ ಮಂದಿಗೆ ಅವರೇ ಗುರು. ಯಾರನ್ನೂ ಮೂರನೇ ಗೇರಿಗೆ ಸುಲಭವಾಗಿ ಹೋಗಗೊಡಲಿಲ್ಲ.

ಹೀಗೆ ಜೀವಮಾನವೆಲ್ಲ ಎರಡನೇ ಗೇರಿನಲ್ಲಿ ಕಳೆದ ಮನುಷ್ಯ ಅರವತ್ತು ದಾಟಿದ ಮೇಲೆ ಹೈದರಾಬಾದಿಗೆ ಹೋಗಿ, ಯಾರೋ ಓಡಿಸಿ ಬಿಟ್ಟಿದ್ದ ಹಳದಿ ಬಣ್ಣದ ಸ್ಪೋರ್ಟ್ಸ್ ಕಾರನ್ನು ತಂದುಬಿಟ್ಟರು. ಎರಡೇ ಬಾಗಿಲು, ಎರಡೇ ಸೀಟು. ಕಾಕಿ ಅದನ್ನು ಒಂದು ಸುತ್ತು ಹಾಕಿ ನೋಡಿ, "ಮನ್ಯಾಗ ನಾವೂ ಇಬ್ಬರೇ ಅದೀವಿ, ಬರೋಬ್ಬರಿ ಆತು ಬಿಡ್ರಿ" ಎಂದು ಒಳಗೆ ಹೋದರು. ಅದರ ಹೊಟ್ಟೆ ನಮ್ಮ ಓಣಿಯ ಪ್ರತಿ ಉಬ್ಬಿಗೂ ತಾಗುತ್ತಿತ್ತು. ಕಾಕಾ ಗಾಡಿಯನ್ನು ಓರೆಯಾಗಿ ತಿರುಗಿಸಿ, ಹಸುಗೂಸನ್ನು ಹೊಸ್ತಿಲು ದಾಟಿಸುವಂತೆ ದಾಟಿಸುತ್ತಿದ್ದರು.

ಆರೇಳು ತಿಂಗಳಲ್ಲಿ ಕಾಕಾನ ತಕರಾರು ಶುರುವಾಯಿತು. "ತಂಗಿ, ಗಾಡಿ ನಿಂದ್ರವಲ್ದು. ಬ್ರೇಕ್ ಒತ್ತಿದ್ರೂ ಜರಾ ಮುಂದ ಹೋಗಿ ನಿಂದ್ರತದ." ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದರು, ಬ್ರೇಕ್ ಆಯಿಲ್ ಬದಲಿಸಿದರು. ಆದರೂ ನಿಲ್ಲಲೊಲ್ಲದು. ಕಡೆಗೆ ಅಪರಾಧವೆಲ್ಲ ಟೈರಿನ ತಲೆಗೆ ಬಂತು. "ಓಡಸೋದು ಎಂಜಿನ್ ಕೆಲಸ, ನಿಂದ್ರಸೋದು ಟೈರಿನ ಕೆಲಸ. ಹಿಂದಿನಾಂವ ಸಾದಾ ಟೈರ್ ಹಾಕ್ಯಾನ. ಪೈಲ್ವಾನಗ ಹವಾಯಿ ಚಪ್ಪಲಿ ಹಾಕಿ ಕಣಕ್ಕ ಇಳಿಸಿದಂಗ ಆಗ್ಯಾದ."

ಅಲ್ಲಿಂದ ನನ್ನ ಗ್ರಹಚಾರ. ಟೈರಿನ ಪಕ್ಕದಲ್ಲಿ ಉಬ್ಬಿಸಿದ ಸಣ್ಣ ಅಕ್ಷರ ಓದಲು ಕಾಕಾನಿಗೆ ಕಣ್ಣು ಸಾಲದು. ನಾನು ಕಮಲಾಪುರದ ಬ್ಯಾಂಕಿನಲ್ಲಿ ದುಡಿದು, ಬಸ್ಸಿನಲ್ಲಿ ನಿಂತು ಬಂದು, ಮುಖ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಅವರ ಕೆಮ್ಮು ಕೇಳುತ್ತಿತ್ತು. ಸೂಪರ್ ಮಾರ್ಕೆಟ್ ಪೇಟೆಯ ಆಟೋಗಳ ನಡುವೆ ನುಸುಳಿ ಅಂಗಡಿ ಅಂಗಡಿ ಅಲೆದದ್ದನ್ನು ನೆನೆದರೆ ಈಗಲೂ ಸೊಂಟ ನೋಯುತ್ತದೆ. ಕುಕ್ಕರುಗಾಲಲ್ಲಿ ಕೂತು ನಾನು ಅಳತೆ ಓದಬೇಕು, ಯಾವ ವಾರ ಯಾವ ವರ್ಷ ತಯಾರಾದದ್ದೆಂದು ಓದಬೇಕು. ಕಾಕಾ ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತಿ, ಮೂಸಿ, ತಲೆ ಅಲ್ಲಾಡಿಸುವರು. ವಿದೇಶದ ಟೈರು ಒಳ್ಳೆಯದು, ಆದರೆ ಡ್ರೈವಿಂಗ್ ಮಾಸ್ತರನ ಕೈಗೆ ಎಟುಕದು. ಅಗ್ಗದ್ದರ ರಬ್ಬರು ಕಲ್ಲಿನಂತೆ ಗಟ್ಟಿ; ಬಹಳ ದಿನ ಬಾಳುತ್ತದೆ, ಆದರೆ ಮಳೆಯಲ್ಲಿ ಜಾರುತ್ತದೆ. ಒಬ್ಬ ಅಂಗಡಿಯವನು ಪಾಲಿಶ್ ಹಚ್ಚಿ ಮಿಂಚಿಸಿದ ಟೈರನ್ನು ಅರ್ಧ ಬೆಲೆಗೆ ಕೊಡುತ್ತೇನೆಂದ. ಓದಿ ನೋಡಿದರೆ ಎಷ್ಟೋ ವರ್ಷದ ಹಿಂದಿನ ಮಾಲು. ಕಾಕಾ ಕೈ ಮುಗಿದು, "ಇದು ಕಡಕ್ ರೊಟ್ಟಿ ಆಗ್ಯಾದಪಾ. ಹಿಡಿಯಂಗಿಲ್ಲ, ಮುರೀತದ" ಎಂದು ಹೊರಬಂದರು.

ಕೊನೆಗೆ ಖಲೀಲನ ಅಂಗಡಿ. ಅವನ ತಂದೆಯ ಕಾಲದಿಂದಲೂ ಸ್ಕೂಲಿನ ಕಾರಿಗೆ ಟೈರು ಅಲ್ಲಿಯವೇ. ಖಲೀಲ ಒಳಗಿನಿಂದ ಒಂದು ಟೈರು ಉರುಳಿಸಿಕೊಂಡು ಬಂದ. "ಚಾಚಾ, ಫಾರಿನ್ ಶೌಕ್ ಬಿಡ್ರಿ. ಇದು ನಮ್ಮ ದೇಶದ್ದು. ರಬ್ಬರ್ ಮೆತ್ತಗ ಅದ, ಮಳಿಯಾಗ ಛಲೋ ಹಿಡೀತದ. ಜಲ್ದಿ ಸವೀತದ ಖರೇ, ಆದ್ರ ನಿಮ್ಮ ಓಡಾಟ ಎಷ್ಟು? ಟೈರಿನ ಬಾಜೂಕಿನ ಗೋಡಿ ಜರಾ ಎತ್ತರ ಅದ. ನಮ್ಮ ರೋಡಿಗಿ ಅದೇ ಬೇಕು." ಕಾಕಾ ಉಗುರು ಒತ್ತಿದರು. ಗುರುತು ಮೂಡಿ ನಿಧಾನವಾಗಿ ಮಾಯವಾಯಿತು. ಚೌಕಾಶಿ ಮುಗಿಯುವ ಹೊತ್ತಿಗೆ ನನಗೆ ಚಹಾ ಕುಡಿದು ಕುಡಿದು ಹೊಟ್ಟೆ ಉರಿಯುತ್ತಿತ್ತು.

ಬ್ಯಾಂಕಿಗೆ ರಜೆ ಇದ್ದ ಒಂದು ಶನಿವಾರ ಟೈರು ಕೂಡಿಸಿದರು. ಅಪ್ರಿಲ್ ಬಿಸಿಲು ಆಗಲೇ ಏರಿತ್ತು. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು, ತುಳಿಸಿ, "ಹತ್ತು ತಂಗಿ, ಕಮಲಾಪುರತನಕ ಹೋಗಿ ಬರೋಣ" ಎಂದರು. ವಾರವೆಲ್ಲ ಹೋಗುವ ಊರಿಗೆ ರಜೆಯ ದಿನವೂ ಹೋಗಬೇಕೆ ಎಂದು ನನಗೆ ಬೇಜಾರು. ಅವರ ಮುಖ ನೋಡಿ ಹತ್ತಿದೆ.

ದಾರಿಯುದ್ದಕ್ಕೂ ಗಾಡಿ ನೀರಿನಂತೆ ಹೋಯಿತು. ಕಮಲಾಪುರ ತಲುಪಿದಾಗ ನಡು ಮಧ್ಯಾಹ್ನ. ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಗೊನೆ ಹೇರಿದ ಗೂಡ್ಸ್ ಆಟೋ ಮುಂದೆ ನಿಂತಿತ್ತು. ದೂರದಿಂದಲೇ ಕಾಣುತ್ತಿತ್ತು. ಕಾಕಾ ವೇಗ ತಗ್ಗಿಸಿದರು, ಆದರೆ ಗಾಡಿ ನಿಲ್ಲಲಿಲ್ಲ. ಮೆಲ್ಲಗೆ ಹೋಗಿ ಆಟೋಗೆ ಗುದ್ದಿತು. ಒಂದು ಗೊನೆ ಬಾನೆಟ್ಟಿನ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಆಟೋದವನು ಇಳಿದು ಬಂದು, "ಯಜಮಾನ್ರೆ, ಬ್ರೇಕ್ ಒತ್ತಿದ್ರೇನ್ರಿ?" ಎಂದಷ್ಟೇ ಕೇಳಿದ. ಕಾಕಾ ಉರಿದುಬಿದ್ದರು. ರಸ್ತೆಯಲ್ಲಿ ನಿಂತೇ ಖಲೀಲನಿಗೆ ಫೋನ್ ಹಚ್ಚಿದರು. "ಡೂಪ್ಲಿಕೇಟ್ ಮಾಲ್ ಹಾಕಿದಿ. ನಿಮ್ಮಪ್ಪನ ಹೆಸರು ಕೆಡಿಸಿದಿ ನೀ" ಎಂದು ಬೈದು, ಅವನ ಮಾತು ಕೇಳದೆ ಕಟ್ ಮಾಡಿದರು. ಆಮೇಲೆ ಒಂದೊಂದೇ ಟೈರಿನ ಬಳಿ ನಿಂತು, ಬಗ್ಗಿ, ತಟ್ಟಿ ನೋಡತೊಡಗಿದರು.

ನಾನು ಇಳಿದೆ. ಡಾಂಬರಿನ ಕಾವು ನನ್ನ ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತಿತ್ತು. ಕಾಕಾ ಬರಿಗಾಲಲ್ಲಿ ಅದರ ಮೇಲೆ ನೆರಳಲ್ಲಿ ನಿಂತವರ ಹಾಗೆ ನಿಂತಿದ್ದರು.

"ಕಾಕಾ, ಕಾಲು ಸುಡ್ಲಾಕತ್ತಿಲ್ಲೇನ್ರಿ?"

ಅವರು ಕೆಳಗೆ ನೋಡಿದರು. ಕಾರಿಗೆ ಒರಗಿ, ಒಂದು ಕಾಲೆತ್ತಿ, ಹೆಬ್ಬೆರಳ ಉಗುರನ್ನು ಅಂಗಾಲಿಗೆ ಒತ್ತಿದರು. ಇನ್ನೂ ಜೋರಾಗಿ ಒತ್ತಿದರು.

"ಎಂದಿನಿಂದ ಹಿಂಗ?" ಎಂದು ಕೇಳಿದೆ.

"ಜೋಮು ಹಿಡದಂಗ ಆಗ್ತಿತ್ತು. ಸಕ್ಕರಿ ಅದ ಅಂತ ಡಾಕ್ಟರ್ ಅಂದಿದ್ರು. ಕಾಲಿಗೂ ಬರ್ತದಂತ ಎಲ್ಲಿ ಗೊತ್ತು?" ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. ಬಿದ್ದ ಗೊನೆಯನ್ನು ಕೊಂಡುಕೊಂಡು, ಆಟೋದವನನ್ನು ಸಮಾಧಾನ ಮಾಡಿ, ಬಂದು ಪಕ್ಕದ ಸೀಟಿನಲ್ಲಿ ಕೂತರು. "ನೀ ಹೊಡಿ. ಮೊದಲ ಖಲೀಲನ ಅಂಗಡಿಗಿ."

ಹೆಣ್ಣುಮಗಳಿಗೆ ಕಾರು ಯಾಕೆ ಎಂದು ನಮ್ಮ ಮನೆಯವರೇ ಅಂದಾಗ ಜಗಳಾಡಿ ಕಲಿಸಿದ ಮನುಷ್ಯ ಇವರು. ದಾರಿ ಉದ್ದಕ್ಕೂ ನಾನು ಬ್ರೇಕು ಒತ್ತಿದ ಕಡೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಅದು ಅವರಿಗೂ ತಿಳಿಯುತ್ತಿತ್ತು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾಳೆ ಹೇಳಿದರಾಯಿತು ಎಂದೆ, ಕೇಳಲಿಲ್ಲ. ಎಲ್ಲರ ಮುಂದೆಯೇ ಹೇಳಿದರು: "ಖಲೀಲ, ನಿನ್ನ ಟೈರಿಗಿ ಏನೂ ಆಗಿಲ್ಲಪಾ. ನನ್ನ ಕಾಲಿಗಿ ಆಗ್ಯಾದ. ಫೋನಿನಾಗ ಅಂದದ್ದು ಮಾಫ್ ಮಾಡು." ಖಲೀಲ ಅವರನ್ನು ಸ್ಟೂಲಿನ ಮೇಲೆ ಕೂಡಿಸಿ ಕಾಲೆತ್ತಿ ನೋಡಿದ. ಅಂಗಾಲ ತುಂಬ ಗುಳ್ಳೆ ಎದ್ದಿದ್ದವು. ತಣ್ಣೀರು ತಂದು ತಾನೇ ಹೊಯ್ದ.

ಒಂದು ಗುಳ್ಳೆ ಹುಣ್ಣಾಯಿತು, ಹುಣ್ಣು ಮಾಯಲೇ ಇಲ್ಲ. ಬೆರಳು ತೆಗೆದರು, ಆಮೇಲೆ ಪಾದ. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ ಎಂದು ಕಾಕಿಯೂ ನಾನೂ ಸೋತು ಹೋದೆವು. ಚಳಿಗಾಲಕ್ಕೆ ಮುಂಚೆ ಕಾಕಾ ಹೋದರು.

ಕಾರು ಕೊಳ್ಳಲು ಬೀದರಿನಿಂದ ಒಬ್ಬ ಹುಡುಗ ಬಂದ. ಎಂಜಿನ್ ಸದ್ದು ಕೇಳಿದ, ಬಾನೆಟ್ಟಿನ ತಗ್ಗು ಸವರಿದ, ಬಗ್ಗಿ ಟೈರು ನೋಡಿದ. ಹೊಸ ರಬ್ಬರಿನ ಮೇಲಿನ ಸಣ್ಣ ಕೂದಲೆಳೆಗಳು ಇನ್ನೂ ಉದುರಿರಲಿಲ್ಲ. "ಇಂಥಾ ಟೈರ್ ಹಾಕಿಸ್ಯಾರ, ಗಾಡಿ ಓಡಿಸೇ ಇಲ್ಲೇನ್ರಿ?" ಎಂದು ಕೇಳಿದ.

ಬಾಗಿಲಲ್ಲಿ ನಿಂತಿದ್ದ ಕಾಕಿ ಹೇಳಿದರು:

"ಕಮಲಾಪುರಕ್ಕ ಹೋಗೂಮುಂದ ಓಡಿಸ್ಯಾರಪಾ. ಬರೂಮುಂದ ಇಲ್ಲ."