ಅಮಾವಾಸ್ಯೆಗೆ ಆಗದ ಕಣ್ಣಿನ ತಪಾಸಣೆ

ಸರ್ಕಾರಕ್ಕೆ ಈಚೆಗೆ ದೇವರ ಕಡೆಯವರ ಮೇಲೆ ಎಲ್ಲಿಲ್ಲದ ಪ್ರೀತಿ. ಬಿಬವೇವಾಡಿಯ ನಮ್ಮ ಕನ್ನಡ ಭಜನಾ ಮಂಡಳಿ ‘ಸಹಭಾಗಿ ಸಂಸ್ಥೆ’ ಆದದ್ದು ಹಾಗೆ. ನಾನು ಅದರ ಕಾರ್ಯದರ್ಶಿ. ತಾಳ ತಪ್ಪುತ್ತೇನೆಂದು ಹಾಡಲು ಬಿಡರು. ಸದಾ ಗಾಬರಿಯಲ್ಲಿರುವವನು ಕಾಗದಪತ್ರ ಕಳೆಯಲಾರ ಎಂದು ಕೊಟ್ಟ ಹುದ್ದೆ.

ಕಟ್ಟಡ ಕೂಲಿಗಳಿಗೆ ಉಚಿತ ಕಣ್ಣಿನ ತಪಾಸಣೆ ಎಂಬುದು ಯೋಜನೆ. ವೈದ್ಯರು, ಕಣ್ಣಿಗೆ ಹಾಕುವ ಚಾಳೀಸು ಸರ್ಕಾರದ್ದು. ಸಭಾಗೃಹ, ಚಹಾ ನಮ್ಮದು. ಬಂದಿದ್ದ ಅಧಿಕಾರಿ ಅಮಾವಾಸ್ಯೆಯ ದಿನ ಗೊತ್ತುಮಾಡಿದರು. ಇಲ್ಲಿ ಕಟ್ಟಡದ ಕೆಲಸಕ್ಕೆ ರಜೆ ಇರುವುದೇ ಅಂದು. ನಾನು ಕೂಡಲೇ ಹಿಂದಿನ ಓಣಿಯ ಯಾದಗಿರಿ ಕಡೆಯ ಮೇಸ್ತ್ರಿಗೆ ಹೇಳಿಬಂದೆ. ಟೈಲ್ಸ್ ಕೂಡಿಸುವವನು. ಹತ್ತಿರದ್ದೆಲ್ಲ ಮಂಜಾಗಿ ಗೆರೆ ಸೊಟ್ಟಾಗುತ್ತಿತ್ತು. ಇನ್ನೊಮ್ಮೆ ಹಾಗಾದರೆ ಸಿಮೆಂಟು ಹೊರಲು ಹಾಕುತ್ತೇನೆಂದು ಕೂಲಿಗಳ ಮೇಲಿನ ಮುಕಾದಮ ಗದರಿಸಿದ್ದ.

ಸಭೆಯಲ್ಲಿ ನಮ್ಮ ಅಧ್ಯಕ್ಷರು ಪಂಚಾಂಗ ತೆಗೆದರು.

“ಅಮಾಸಿ ದಿನಾ ದೀಪಾ ಹಚ್ಚಿ ಉದ್ಘಾಟನಾ ಮಾಡೋದೇನ್ರಿ ಕಾರ್ಯದರ್ಶಿಗಳ? ತಲಿ ನೆಟ್ಟಗದನೋ ಇಲ್ಲೋ?”

“ಕೂಲಿಯವ್ರಿಗೆ ಸುಟ್ಟಿ ಅವತ್ತ ಇರ್ತದ್ರಿ.”

“ಅವರ ಸುಟ್ಟಿ ಸಲುವಾಗಿ ಶಾಸ್ತ್ರಾ ಬಿಡೋಣೇನು? ಕಾರ್ಪೊರೇಟರ್ ಸಾಹೇಬ್ರಿಗೆ ಶಾಲು ಹೊಚ್ಚೋದದ. ಅಮಾಸಿಗೆ ಅವರರೆ ಬರ್ತಾರೇನು?”

ಅಮಾವಾಸ್ಯೆಯಂದು ಯಾರದಾದರೂ ಕಣ್ಣಿಗೆ ಏನಾದರೂ ಆಗಿ ಅದು ನನ್ನ ತಲೆಗೆ ಬಂದರೆ? ದಿನ ಬದಲಿಸಲು ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಅಧಿಕಾರಿ ‘ಚಾಲೇಲ್’ ಎಂದು ಮರಾಠಿಯಲ್ಲಿ ಒಪ್ಪಿದರು. ಅವರಿಗೆ ಫೋಟೊ ಆದರೆ ಸಾಕು. ಮುಂದಿನ ಗುರುವಾರ ನಿಶ್ಚಯವಾಯಿತು.

ಮೇಸ್ತ್ರಿಗೆ ಹೇಳಲು ನಾಚಿಕೆಯಾಗಿ ನಾಳೆ ನಾಳೆ ಎಂದು ದೂಡಿದೆ. ಅಮಾವಾಸ್ಯೆಯ ಬೆಳಿಗ್ಗೆ ಅವನು ಬೀಗ ಹಾಕಿದ ಸಭಾಗೃಹದ ಮುಂದೆ ನಿಂತು ಫೋನು ಮಾಡಿದ.

“ಸಾಹೇಬ್ರ, ಇಲ್ಲಿ ಒಂದ ನಾಯಿ ಬಿಟ್ರ ಯಾರೂ ಇಲ್ರಿ.”

“ಗುರುವಾರಕ್ಕ ಹಾಕ್ಯಾರಪ್ಪಾ. ಅಮಾಸಿ ಛಲೋ ದಿನಾ ಅಲ್ಲಂತ.”

“ನಮಗ ಇದ ಒಂದ ಛಲೋ ದಿನಾ ಇತ್ರಿ,” ಎಂದು ನಕ್ಕ. ಗುರುವಾರ ರಜೆ ಕೇಳಿದರೆ ಮುಕಾದಮನಿಗೆ ಕಣ್ಣಿನ ಸುದ್ದಿ ತಿಳಿಯುತ್ತದಂತೆ.

ಅಂದೇ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬಹುದಿತ್ತು. ಆದರೆ ಬ್ಯಾನರಿನಲ್ಲಿ ಅಧ್ಯಕ್ಷರ ಫೋಟೊ ಸಣ್ಣದಾದೀತೇ ಎಂಬ ಚಿಂತೆಯಲ್ಲಿ ನಾನು ಪ್ರಿಂಟರ್ ಅಂಗಡಿಯಲ್ಲಿ ಕೂತಿದ್ದೆ.

ಗುರುವಾರ ಶಾಲು, ತೆಂಗಿನಕಾಯಿ, ಶ್ರಮಿಕರ ಸೇವೆಯ ಕುರಿತು ನಾಲ್ಕು ಭಾಷಣ. ಶ್ರಮಿಕನೊಬ್ಬನೂ ಇಲ್ಲ. ಹೋದ ತಿಂಗಳಷ್ಟೇ ಹೊಸ ಚಾಳೀಸು ಮಾಡಿಸಿದ್ದ ನಮ್ಮ ಸದಸ್ಯರೇ ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿಕೊಂಡು, ಗೋಡೆಯ ಅಕ್ಷರಗಳನ್ನು ಭಜನೆಯ ರಾಗದಲ್ಲೇ ಓದಿದರು. ಕುರ್ಚಿ ಖಾಲಿ ಕಂಡರೆ ಅಧಿಕಾರಿ ಏನೆಂದಾರೋ ಎಂದು ನಾನೂ ಕೂತೆ. ಓದುವ ಚಾಳೀಸೊಂದು ಸಿಕ್ಕಿತು.

ಅದನ್ನು ಜೇಬಿನಲ್ಲಿಟ್ಟುಕೊಂಡು ಭಾನುವಾರ ಧನಕವಡಿಯಲ್ಲಿ ಮೇಸ್ತ್ರಿಯ ಕೆಲಸ ನಡೆದಿದ್ದ ಕಟ್ಟಡಕ್ಕೆ ಹೋದೆ. ಅವನು ಹಾಕಿಕೊಂಡು ತನ್ನ ಅಂಗೈ ನೋಡಿಕೊಂಡ.

“ಭಾಳ ಸ್ವಚ್ಛ ಕಾಣಸ್ತದ್ರಿ.”

“ಮತ್ತ ಇಟ್ಕೋ.”

ಅವನು ಮಡಚಿ ನನ್ನ ಕೈಗೇ ಕೊಟ್ಟ. ಟೈಲ್ಸಿಗೆ ಶುಕ್ರವಾರದಿಂದ ಬೇರೆಯವನು ಬಂದಿದ್ದ.

“ನಿಮಗ ಇರ್ಲಿ ತಗೋರಿ, ಸಾಹೇಬ್ರ. ಸಿಮೆಂಟ ಚೀಲಾ ಹೊರಾಕ ಚಾಳೀಸ ಯಾಕ ಬೇಕ್ರಿ?”