ಸಿಮ್ ಇಲ್ಲದ ಮೊಡೆಮಿಗೆ ಬಂದ ಕರೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮನೆಯಲ್ಲಿ ದೆವ್ವ, ಗಾಳಿ, ಶಕುನ ಎಂದು ಮಾತು ಶುರುವಾದರೆ ತಟ್ಟೆ ಎತ್ತಿಕೊಂಡು ಎದ್ದು ಹೋಗುತ್ತಿದ್ದವಳು ನಾನು. ಓದಿದ್ದು ಎಲೆಕ್ಟ್ರಾನಿಕ್ಸ್, ಕೆಲಸ ಹೊಸೂರಿನಲ್ಲಿ. ತಂತಿಯಲ್ಲಿ ಹರಿದದ್ದು ಪರದೆಯ ಮೇಲೆ ಬರುತ್ತದೆ, ಹರಿಯದ್ದು ಬರುವುದಿಲ್ಲ. ನನಗೆ ಗೊತ್ತಿದ್ದ ಶಾಸ್ತ್ರ ಇಷ್ಟೇ. ಈಗಲೂ ಅದನ್ನು ಬಿಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಜವಳಗಿರಿ ಕಡೆಯ ಒಂದು ಹಳ್ಳಿಯಲ್ಲಿ ನಡೆದದ್ದು ಆ ಶಾಸ್ತ್ರದೊಳಗೆ ಕೂರುತ್ತಿಲ್ಲ.

ರಾಗಿ ಕೊಯ್ಲಿನ ಕಾಲಕ್ಕೆ ಅಲ್ಲಿ ಆನೆಗಳು ಕಾಡಿನಿಂದ ಇಳಿಯುತ್ತವೆ. ಆಗ ನಾನಿದ್ದ ಚಿಕ್ಕ ಕಂಪನಿ ಆ ಹಳ್ಳಿಗಳಿಗೆ ಸೈರನ್ ಹಾಕಿಕೊಡುತ್ತಿತ್ತು. ಕಂಬದ ಮೇಲೆ ಸೈರನ್, ಕೆಳಗೊಂದು ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಸಿಮ್ ಹಾಕಿದ ಮೊಡೆಮ್. ಆನೆ ಕಂಡವರು ಆ ಸಿಮ್ಮಿನ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೂರನೇ ರಿಂಗಿಗೆ ಸೈರನ್ ಕೂಗುತ್ತದೆ. ಹೆಂಗಸರು ಮಕ್ಕಳು ಹೊಲದಿಂದ ಮನೆಗೆ ಓಡುತ್ತಾರೆ, ಗಂಡಸರು ಪಟಾಕಿ ಹಿಡಿದು ಹೊರಡುತ್ತಾರೆ. ಆ ಹಳ್ಳಿಯಲ್ಲಿ ಆನೆ ಕಾಯುವ ಕೆಲಸ ಕೆಂಪಣ್ಣನವರದು. ಐವತ್ತು ದಾಟಿದವರು, ತೆಳ್ಳಗಿನ ಆಳು.

ಸೈರನ್ ಎರಡು ದಿನದಿಂದ ಕೆಟ್ಟಿದೆ ಎಂದು ಫೋನ್ ಬಂದು, ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಹೋದೆ. ಕಂಬ ಇದ್ದದ್ದು ಹಾಲಿನ ಡೈರಿಯ ಪಕ್ಕ, ಪೆಟ್ಟಿಗೆ ಡೈರಿಯ ಗೋಡೆಯ ಮೇಲೆ. ಬೀಗದ ಕೈ ಅಲ್ಲಿ ಹಾಲು ಅಳೆಯುವ ಮುನಿರಾಜನ ಬಳಿ ಇರುತ್ತಿತ್ತು. ಕೆಂಪಣ್ಣ ನನಗಾಗಿಯೇ ಕಾದು ಕೂತಿದ್ದರು.

"ಬಿರ್ರನೆ ಮಾಡ್ಬುಡು ತಾಯಿ. ನೆನ್ನೆ ಹಳ್ಳ ದಾಟಿ ಐದು ಬಂದಿದ್ವು. ರಾಗಿ ಕುಯ್ಯೋರೆಲ್ಲ ಇನ್ನೂ ಹೊಲ್ದಾಗೇ ಅವ್ರೆ. ನೀನು ರೆಡಿ ಮಾಡೋ ಹೊತ್ಗೆ ಕಾಡಂಚಿಗೆ ಹೋಗಿ ಒಂದ್ಕಿತ ನೋಡ್ಕಂಡು ಬತ್ತೀನಿ," ಎಂದು ಎದ್ದು ಹೋದರು. ಕಾಡಂಚು ಅಲ್ಲಿಂದ ಒಂದೂವರೆ ಮೈಲಿ.

ಮೊಡೆಮಿನಿಂದ ಸೈರನ್ ಬೋರ್ಡಿಗೆ ಹೋಗುವ ತಂತಿಯನ್ನು ಬಿಡಿಸಿ ಮೊಡೆಮನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಮೊಡೆಮ್ ಹೇಳುವುದನ್ನು ಪರದೆಗೆ ತರುವ ಟರ್ಮಿನಲ್ ಸಾಫ್ಟ್‌ವೇರ್ ತೆರೆದರೆ ಪರದೆ ತುಂಬ ಅರ್ಥವಿಲ್ಲದ ಗೀಟುಗಳು, ಚುಕ್ಕಿಗಳು. ಸಂಪರ್ಕದ ವೇಗ ತಪ್ಪಾಗಿದ್ದರೆ ಹಾಗೆ ಬರುತ್ತದೆ. ಒಂದೊಂದೇ ವೇಗ ಬದಲಾಯಿಸುತ್ತಾ ಹೋದೆ. ಕೊನೆಗೆ ಮೊಡೆಮ್ 'ಓಕೆ' ಎಂದು ಉತ್ತರ ಕೊಟ್ಟಿತು. ಆದರೆ ನೆಟ್‌ವರ್ಕ್ ಹಿಡಿಯಲಿಲ್ಲ. ಸಿಮ್ ಹೊರಗೆ ತೆಗೆದೆ. ಅದು ಕೂರುವ ಜಾಗದಲ್ಲಿ ಇರುವೆ ಗೂಡು ಕಟ್ಟಿತ್ತು. ಸಿಮ್ಮನ್ನು ಒರೆಸಿ ನನ್ನ ಸ್ಕ್ರೂ ಡಬ್ಬಿಯ ಮುಚ್ಚಳದ ಮೇಲಿಟ್ಟು, ಒಳಗೆಲ್ಲ ಬ್ರಷ್ ಆಡಿಸಿದೆ. ಖಾಲಿ ಮೊಡೆಮಿಗೆ ಕರೆಂಟು ಕೊಟ್ಟು ಕೇಳಿದರೆ 'ಸಿಮ್ ಇಲ್ಲ' ಎಂದಿತು. ಅದು ಸರಿಯಾದ ಉತ್ತರವೇ.

ಆಗ ಪರದೆಯ ಮೇಲೆ ರಿಂಗ್ ಎಂಬ ಪದ ಬಂತು. ಕೆಳಗಿನ ಸಾಲಿನಲ್ಲಿ ಮತ್ತೆ ರಿಂಗ್. ಕರೆ ಮಾಡಿದವರ ನಂಬರು ಬರಬೇಕಾದ ಜಾಗ ಖಾಲಿ.

ನಾನು ಹೆದರಲಿಲ್ಲ. ಸಿಟ್ಟು ಬಂತು. ಸಿಮ್ ನನ್ನ ಕಣ್ಣೆದುರಿಗೆ ಮುಚ್ಚಳದ ಮೇಲಿತ್ತು. ಹಳೆಯದೇನೋ ಉಳಿದಿರಬೇಕೆಂದು ಪರದೆ ಅಳಿಸಿದೆ, ಮತ್ತೆ ಬಂತು. ವೇಗ ತಪ್ಪಿಸಿ ನೋಡಿದೆ, ಪದ ಗೀಟುಗಳಾಯಿತು. ವೇಗ ಸರಿಮಾಡಿದೆ, ಮತ್ತೆ ರಿಂಗ್. ಅಂದರೆ ಅದು ನಿಜವಾಗಿಯೂ ತಂತಿಯಲ್ಲೇ ಬರುತ್ತಿತ್ತು. ಆಂಟೆನಾದ ವೈರು ಕಿತ್ತೆ. ಆಗಲೂ ನಿಲ್ಲಲಿಲ್ಲ. ಬೇಸತ್ತು, ಕರೆ ಕಡಿಯುವ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದೆ. 'ಓಕೆ' ಎಂದಿತು. ನಿಂತಿತು.

ಸಿಮ್ ಹಾಕಿದೆ, ಆಂಟೆನಾದ ವೈರು ಸಿಕ್ಕಿಸಿದೆ, ನೆಟ್‌ವರ್ಕ್ ಬಂತು. ಸೈರನ್ ಬೋರ್ಡಿನ ತಂತಿಯನ್ನೂ ಮತ್ತೆ ಜೋಡಿಸಿದೆ. ಮುನಿರಾಜ ಅವನ ಫೋನಿನಿಂದ ಕರೆ ಮಾಡಿದ. ಮೂರನೇ ರಿಂಗಿಗೆ ಸೈರನ್ ಊರೆಲ್ಲ ಕೇಳುವಂತೆ ಕೂಗಿತು. "ಸೂಪರ್ ಮೇಡಂ!" ಎಂದ. ಹಾಲು ಹಾಕಲು ಬಂದವರು ಚಪ್ಪಾಳೆ ತಟ್ಟಿದರು. ಚೀಲ ಕಟ್ಟುತ್ತಿದ್ದಾಗ ಹಳ್ಳದ ಕಡೆಯಿಂದ ಹುಲ್ಲು ಕುಯ್ಯುವ ಹೆಂಗಸೊಬ್ಬಳು ಓಡಿ ಬಂದು ಡೈರಿ ಮುಂದೆ ಕುಸಿದಳು.

ಆನೆ ಕೆಂಪಣ್ಣನವರನ್ನು ತುಳಿದಿತ್ತು. ಬಂಡೆ ಹತ್ತಿ ಕೂತು ಅವಳು ಎಲ್ಲವನ್ನೂ ನೋಡಿದ್ದಳು. ಆಗ ಐದರ ಬಸ್ಸು ಇನ್ನೂ ಹೋಗಿರಲಿಲ್ಲ ಎಂದಳು. ಕೆಂಪಣ್ಣ ಜೇಬು ತಡಕಿಕೊಳ್ಳುತ್ತಾ ಓಡುತ್ತಿದ್ದರಂತೆ. "ಎಡಗಡೆ ತಡಕ್ತಾರೆ, ಬಲಗಡೆ ತಡಕ್ತಾರೆ... ಅಷ್ಟ್ರಾಗೆ ಬಂದ್ಬುಡ್ತು," ಎಂದು ಅದನ್ನೇ ಹೇಳುತ್ತಿದ್ದಳು.

ಅವರ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಬೆಳಿಗ್ಗೆಯಿಂದ ಅದರಿಂದ ಒಂದು ಕರೆಯೂ ಹೋಗಿರಲಿಲ್ಲ.

ನನ್ನ ಟರ್ಮಿನಲ್ ಬಂದದ್ದನ್ನೆಲ್ಲ ಹೊತ್ತಿನ ಸಮೇತ ಫೈಲಿನಲ್ಲಿ ಉಳಿಸುತ್ತದೆ. ಮೊದಲನೇ ರಿಂಗ್ ನಾಲ್ಕು ನಲವತ್ತೆಂಟಕ್ಕೆ. ನಾನು ಕಡಿದದ್ದು ನಾಲ್ಕು ಐವತ್ತಕ್ಕೆ. ತಂತಿ ಸೈರನ್ ಬೋರ್ಡಿನಲ್ಲೇ ಇದ್ದಿದ್ದರೆ ಮೂರನೇ ರಿಂಗಿಗೆ ಅದು ಕೂಗುತ್ತಿತ್ತು. ಅವರು ಉಳಿಯುತ್ತಿದ್ದರೋ ಇಲ್ಲವೋ ಹೇಳಲಾರೆ. ಆದರೆ ಆ ಎರಡು ನಿಮಿಷ ಆ ಕರೆ ಬಂದದ್ದು ನನ್ನೊಬ್ಬಳಿಗೇ.

ಆಫೀಸಿನ ಹಿರಿಯರು ಫೈಲು ನೋಡಿ, "ಮೊಡೆಮ್ ಹುಚ್ಚಾಟ ಆಡ್ತವೆ, ಬಿಡಮ್ಮ," ಎಂದರು. ಅದೇ ಮೊಡೆಮನ್ನು ಬಿಚ್ಚಿ ತಂದು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದೆ. ಸಿಮ್ ತೆಗೆದು, ಹಾಕಿ, ಕರೆಂಟು ಏರಿಳಿಸಿ, ನೀರು ಸೋಕಿಸಿ ಕೂಡ ನೋಡಿದೆ. ಸಿಮ್ ಇಲ್ಲದೆ ಒಂದು ಸಲವೂ ಅದು ಆ ಪದ ಬರೆಯಲಿಲ್ಲ. ಆ ಫೈಲನ್ನು ಅಳಿಸಲು ಎಷ್ಟೋ ಸಲ ಕೂತಿದ್ದೇನೆ, ಆಗಿಲ್ಲ.

ಕೆಂಪಣ್ಣನವರು ತೀರಿಕೊಂಡ ಮೂರನೇ ದಿನ ಅವರ ಮನೆಗೆ ಹೋಗಿದ್ದೆ. ಹೆಂಡತಿ ರತ್ನಮ್ಮ ಗೋಡೆಗೊರಗಿ ಕೂತಿದ್ದರು. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದು ಕೇಳಿದರು: "ನೀನು ಅಲ್ಲೇ ಡೈರಿ ತಾವ ಇದ್ದಲ್ಲಮ್ಮ. ನಮ್ಮೋರು ಕೂಗಿದ್ದೇನಾರ ನಿನ್ಗೆ ಗೊತ್ತಾಯ್ತಾ?"

"ಇಲ್ಲಮ್ಮ," ಎಂದೆ.

ಹೇಳಿದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.